ಕಡತದ ಚೂರಿಗೊಂದು ಕಾಸು: ಹಳೆಯ ಹುಡುಕಾಟವೊಂದರ ಹಿನ್ನೆಲೆ

2000ದ ಮಾರ್ಚ್‌ನಲ್ಲಿ ಬಂದ ನುಟೆಲ್ಲಾ ಎಂಬ ಕಡತ ಹಂಚಿಕೆಯ ಜಾಲಕ್ಕೆ ಕೇಂದ್ರ ಸರ್ವರ್ ಎಂಬುದೇ ಇರಲಿಲ್ಲ. ಬಳಕೆದಾರರ ಕಂಪ್ಯೂಟರ್‌ಗಳೇ ಪರಸ್ಪರ ಕಡತಗಳನ್ನು ಒದಗಿಸಬೇಕಿತ್ತು. ಅದೇ ವರ್ಷ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಐಟನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್ಮನ್ ಆ ಜಾಲವನ್ನು ಅಳೆದು ನೋಡಿದಾಗ, ಸುಮಾರು ಶೇ 70ರಷ್ಟು ಮಂದಿ ಒಂದು ಕಡತವನ್ನೂ ಹಂಚುತ್ತಿರಲಿಲ್ಲ. ಹುಡುಕಾಟಗಳಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧ, ಕೇವಲ ಶೇ 1ರಷ್ಟು ಕಂಪ್ಯೂಟರ್‌ಗಳಿಂದ ಬರುತ್ತಿತ್ತು. ಕೊಡುವವರಿಗೆ ಪ್ರತಿಫಲ ಸಿಗಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ.

ಆದರೆ ಕಡತವನ್ನು ಚೂರುಚೂರಾಗಿ ಮಾರುವಾಗ ಒಂದು ಚೂರಿನ ಬೆಲೆ ಪೈಸೆಗಿಂತಲೂ ಕಡಿಮೆಯಿದ್ದರೆ, ಅದನ್ನು ಪಾವತಿಸುವ ಖರ್ಚೇ ಬೆಲೆಯನ್ನು ಮೀರುತ್ತದೆ. ಇದಕ್ಕೆ ಗೂಢಲಿಪಿ ತಜ್ಞರಾದ ರಾನ್ ರಿವೆಸ್ಟ್ ಮತ್ತು ಆದಿ ಶಮೀರ್ 1996ರಲ್ಲಿಯೇ ಪೇವರ್ಡ್ ಎಂಬ ಸೊಗಸಾದ ಉಪಾಯವನ್ನು ಸೂಚಿಸಿದ್ದರು. ಕೊಳ್ಳುವವನು ಒಂದು ಗುಪ್ತ ಸಂಖ್ಯೆಯನ್ನು ಹ್ಯಾಶ್ ಎಂಬ ಒಮ್ಮುಖ ಗಣಿತ ಸೂತ್ರದಲ್ಲಿ ಮತ್ತೆ ಮತ್ತೆ ಹಾಯಿಸಿ ಸರಪಳಿ ಕಟ್ಟಿ, ಅದರ ತುದಿಯ ಸಂಖ್ಯೆಗೆ ಮಾತ್ರ ಡಿಜಿಟಲ್ ಸಹಿ ಹಾಕಿ ಕೊಡುತ್ತಾನೆ. ಆಮೇಲೆ ಪ್ರತಿ ಖರೀದಿಗೂ ಸರಪಳಿಯ ಒಂದೊಂದು ಕೊಂಡಿಯನ್ನು ಹಿಮ್ಮುಖವಾಗಿ ಬಿಟ್ಟುಕೊಟ್ಟರೆ ಸಾಕು. ಹ್ಯಾಶನ್ನು ಹಿಂದಕ್ಕೆ ಲೆಕ್ಕ ಹಾಕಲಾಗದ ಕಾರಣ ಮಾರುವವನು ಮುಂದಿನ ಕೊಂಡಿಯನ್ನು ತಾನೇ ಸೃಷ್ಟಿಸಿಕೊಳ್ಳಲಾರ, ಮತ್ತು ಆ ಸಹಿಯ ಜೊತೆಗೆ ತನಗೆ ಸಿಕ್ಕ ಕಡೆಯ ಕೊಂಡಿಯೊಂದನ್ನೇ ಹಣ ಪಾವತಿಸುವ ಮಧ್ಯವರ್ತಿಗೆ ತೋರಿಸಿ ಪೂರ್ತಿ ಹಣ ಪಡೆಯಬಲ್ಲ. ಒಬ್ಬನೇ ಮಾರಾಟಗಾರನಿಂದ ಪದೇ ಪದೇ ಕೊಳ್ಳುವವರಿಗೆ ಇದು ಹೇಳಿಮಾಡಿಸಿದಂತಿತ್ತು. ಚೂರಿಗೊಬ್ಬರಂತೆ ಅಪರಿಚಿತರಿಂದ ಪಡೆಯುವ ಜಾಲದಲ್ಲಿ ಮಾತ್ರ ಅವರವರಿಗೆ ಬೇರೆ ಬೇರೆ ಸರಪಳಿ, ಬೇರೆ ಬೇರೆ ಸಹಿ ಬೇಕಾಗಿ, ಉಳಿತಾಯವೆಲ್ಲ ಕರಗುತ್ತಿತ್ತು.

2000ದಲ್ಲಿ ಜಿಮ್ ಮೆಕಾಯ್ ಆರಂಭಿಸಿದ ಮೋಜೋ ನೇಷನ್ ಎಂಬ ಕಡತ ಹಂಚಿಕೆಯ ಜಾಲ, ತಮ್ಮ ಕಂಪ್ಯೂಟರಿನ ಜಾಗ ಮತ್ತು ಬ್ಯಾಂಡ್‌ವಿಡ್ತ್ ಕೊಟ್ಟವರಿಗೆ 'ಮೋಜೋ' ಎಂಬ ತನ್ನದೇ ನಾಣ್ಯವನ್ನು ನೀಡಿತು. ಅದು ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಅಲ್ಲಿ ದುಡಿದಿದ್ದ ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಎಂಬ ಕಡತ ಹಂಚಿಕೆಯ ತಂತ್ರಾಂಶ ಬರೆದಾಗ, ಕಡತವನ್ನು ಚೂರು ಮಾಡಿ ಹಂಚುವುದನ್ನು ಉಳಿಸಿಕೊಂಡು ನಾಣ್ಯವನ್ನು ಕೈಬಿಟ್ಟರು. ನನಗೆ ಕೊಡುವವರಿಗೆ ನಾನೂ ಕೊಡುತ್ತೇನೆ ಎಂಬುದಷ್ಟೇ ಅದರ ನಿಯಮ. ಇಂದು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು ಎನ್ನುವ ನಮ್ಮ ಮುಯ್ಯಾಳಿನ ಪದ್ಧತಿಯೇ ಅದು. ಈ ಇಡೀ ಇತಿಹಾಸದಲ್ಲಿ ಅತ್ಯಂತ ವಿವೇಕದ ತೀರ್ಮಾನ ಇದೆಂದು ನಾನು ನಂಬುತ್ತೇನೆ, ಏಕೆಂದರೆ ಲೆಕ್ಕ ಇಡುವ ಬ್ಯಾಂಕೇ ಇಲ್ಲಿ ಬೇಕಿಲ್ಲ.

ಮುಯ್ಯಿಗೂ ಒಂದು ಮಿತಿಯಿದೆ. ಕಡತ ಪೂರ್ತಿ ಇಳಿದ ಮೇಲೆ ಹಂಚುತ್ತಲೇ ಇರುವುದಕ್ಕೆ ಯಾವ ಲಾಭವೂ ಇಲ್ಲ. ನಿನ್ನೆಯ ಕೊಡುಗೆಯನ್ನು ನಾಳೆ ಬೇರೊಂದು ಕಡತಕ್ಕೆ ಬಳಸಲೂ ಬರುವುದಿಲ್ಲ. 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ರೂಪಿಸಿದ 'ಕರ್ಮ' ವ್ಯವಸ್ಥೆ ಹಿಂದಿನ ಕೊಡುಗೆಯ ಈ ನೆನಪನ್ನೇ ಉಳಿಸಲು ಹೊರಟು, ಒಬ್ಬೊಬ್ಬರ ಖಾತೆಯನ್ನೂ ಜಾಲದ ಇತರ ಕೆಲವು ಸದಸ್ಯರ ಗುಂಪಿಗೆ ಒಪ್ಪಿಸಿತು. 2018ರಲ್ಲಿ ಬಿಟ್‌ಟೊರೆಂಟ್ ಕಂಪನಿಯನ್ನು ಟ್ರಾನ್ ಎಂಬ ಬ್ಲಾಕ್‌ಚೈನ್ ಸಂಸ್ಥೆ ಕೊಂಡುಕೊಂಡು, ಮರುವರ್ಷ ಬಿಟಿಟಿ ಎಂಬ ಟೋಕನ್ (ಡಿಜಿಟಲ್ ನಾಣ್ಯ) ತಂದದ್ದು ಅದೇ ಕೊರತೆಯನ್ನು ತುಂಬುವ ಹೆಸರಿನಲ್ಲಿಯೇ: ಟೋಕನ್ ಕೊಟ್ಟವರಿಗೆ ವೇಗ, ಹಂಚುತ್ತ ಉಳಿದವರಿಗೆ ಟೋಕನ್. ಆ ಟೋಕನ್ನಿನ ಗೊಡವೆಯೇ ಇಲ್ಲದೆ, ಕೋಹೆನ್ ಬರೆದ ಮೂಲ ನಿಯಮದ ಮೇಲೆಯೇ ಕಡತಗಳನ್ನು ಇಳಿಸಿಕೊಳ್ಳುವುದು ಈಗಲೂ ಸಾಧ್ಯವಿದೆ.