ಪದ ಪರಿಚಯ: ಕಾನ್ಸ್‌ಪಿರಸಿ ಥಿಯರಿ, ಕೆಲವು ರಾಜಕೀಯ ಕೊಲೆಗಳ ಬೆನ್ನು ಬಿಡದ ಪಿತೂರಿ ಕಥೆಗಳು

ಪಿತೂರಿ ಬೇರೆ, ಪಿತೂರಿ ಸಿದ್ಧಾಂತ ಬೇರೆ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಎರಡನ್ನ ಕಲಸಿಬಿಡೋದ್ರಿಂದಾನೇ ಅರ್ಧ ಜಗಳ ಹುಟ್ಟೋದು. ಪಿತೂರಿ ಅಥವಾ ಒಳಸಂಚು ಅಂದ್ರೆ ಇಬ್ಬರೋ ಹೆಚ್ಚು ಜನಾನೋ ಗುಟ್ಟಾಗಿ ಸೇರಿ ಒಂದು ಅಪರಾಧ ಮಾಡೋಣ ಅಂತ ಒಪ್ಪಿಕೊಳ್ಳೋದು, ಅದು ಕಾನೂನಿನಲ್ಲಿರೋ ಅಪರಾಧ, ಕೋರ್ಟಲ್ಲಿ ಸಾಬೀತು ಮಾಡಬಹುದು. ಕಾನ್ಸ್‌ಪಿರಸಿ ಥಿಯರಿ, ಅಂದ್ರೆ ಪಿತೂರಿ ಸಿದ್ಧಾಂತ, ಅನ್ನೋದು ಒಂದು ಘಟನೆಗೆ ಒಪ್ಪಬಹುದಾದ ವಿವರಣೆ ಇದ್ದರೂ ಅದನ್ನ ಬಿಟ್ಟು, ಇದರ ಹಿಂದೆ ಕಾಣದ ದೊಡ್ಡ ಕೈ ಇದೆ ಅಂತ ಸಾಕ್ಷಿಗಿಂತ ಅನುಮಾನದ ಬಲದ ಮೇಲೆ ಕಟ್ಟೋ ಕಥೆ.

ಸಾಬೀತಾದ ಪಿತೂರಿಗಳು ಬೇಕಾದಷ್ಟಿವೆ. 1865ರ ಏಪ್ರಿಲ್ 14ರ ರಾತ್ರಿ ಅಬ್ರಹಾಂ ಲಿಂಕನ್‌ಗೆ ನಾಟಕ ಮಂದಿರದಲ್ಲಿ ಗುಂಡು ಹೊಡೆದದ್ದು ಜಾನ್ ವಿಲ್ಕ್ಸ್ ಬೂತ್, ಆದ್ರೆ ಅದೇ ಹೊತ್ತಿಗೆ ಅವನ ಗುಂಪಿನ ಇನ್ನೊಬ್ಬ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್ ಮನೆಗೆ ನುಗ್ಗಿ ಹಾಸಿಗೇಲಿ ಮಲಗಿದ್ದ ಅವರನ್ನ ಚಾಕುವಿನಿಂದ ಇರಿದ, ಉಪಾಧ್ಯಕ್ಷರನ್ನ ಕೊಲ್ಲೋಕೆ ಅಂತ ಕಳಿಸಿದ್ದ ಮೂರನೆಯವನು ಧೈರ್ಯ ಸಾಲದೆ ಕುಡಿದುಕೊಂಡು ಅಲೆದಾಡಿದ. ನಾಲ್ಕು ಜನಕ್ಕೆ ಗಲ್ಲಾಯ್ತು. ಗಾಂಧೀಜಿ ಕೊಲೆಯೂ ಹಾಗೇ, 1948ರ ಜನವರಿ 20ಕ್ಕೆ ಅದೇ ಗುಂಪು ಒಮ್ಮೆ ಪ್ರಯತ್ನ ಮಾಡಿ ವಿಫಲವಾಗಿತ್ತು, 30ಕ್ಕೆ ಗೋಡ್ಸೆ ಗುಂಡು ಹಾರಿಸಿದ, ಕೆಂಪುಕೋಟೆಯಲ್ಲಿ ವಿಚಾರಣೆ ನಡೆದು ಒಳಸಂಚು ಸಾಬೀತಾಗಿ 1949ರ ನವೆಂಬರ್ 15ಕ್ಕೆ ಗೋಡ್ಸೆಗೂ ನಾರಾಯಣ ಆಪ್ಟೆಗೂ ಗಲ್ಲು. ಇವನ್ನ ಯಾರೂ ಥಿಯರಿ ಅನ್ನಲ್ಲ, ಇವು ಇತಿಹಾಸ.

ಕಾನ್ಸ್‌ಪಿರಸಿ ಥಿಯರಿ ಅನ್ನೋ ಪದಾನೇ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹುಟ್ಟಿಸಿದ್ದು, ಪ್ರಶ್ನೆ ಕೇಳೋರ ಬಾಯಿ ಮುಚ್ಚಿಸೋಕೆ ಅಂತ ಒಂದು ಮಾತು ಓಡಾಡ್ತಾ ಇರುತ್ತೆ. ನಿಜ ಅಲ್ಲ. ಸಿಐಎ ಹುಟ್ಟಿದ್ದು 1947ರಲ್ಲಿ, ಈ ಪದ 19ನೇ ಶತಮಾನದ ಪತ್ರಿಕೆಗಳಲ್ಲೇ ಸಿಗುತ್ತೆ, ತತ್ವಜ್ಞಾನಿ ಕಾರ್ಲ್ ಪಾಪರ್ ಇದನ್ನ ಸಮಾಜದಲ್ಲಿ ಆಗೋದೆಲ್ಲ ಯಾರೋ ಬೇಕಂತಲೇ ಮಾಡಿಸಿದ್ದು ಅಂತ ನಂಬೋ ಮನೋಭಾವಕ್ಕೆ ಹೆಸರಾಗಿ ಬಳಸಿದರು.

ಸರಿ, ಆದ್ರೆ ಎಲ್ಲ ಕೊಲೆಗೂ ಇಂಥ ಕಥೆ ಹುಟ್ಟಲ್ಲ, ನನಗೆ ತುಂಬಾ ಕುತೂಹಲ ಇರೋದು ಇಲ್ಲೇ. ಅಮೆರಿಕದ ಇನ್ನೊಬ್ಬ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ 1881ರಲ್ಲಿ ಗುಂಡು ಹೊಡೆದ ಚಾರ್ಲ್ಸ್ ಗಿಟೊ ಸ್ಥಳದಲ್ಲೇ ಸಿಕ್ಕಿಬಿದ್ದ, ತಿಂಗಳುಗಟ್ಟಲೆ ವಿಚಾರಣೆ ಆಯ್ತು, ಕೋರ್ಟಲ್ಲಿ ಅವನು ಕೂಗಾಡಿದ, ಭಾಷಣ ಮಾಡಿದ, ತನಗೆ ಸರ್ಕಾರಿ ಹುದ್ದೆ ಕೊಡಲಿಲ್ಲ ಅನ್ನೋ ಸಿಟ್ಟು, ದೇವರೇ ಹೇಳಿದ ಅನ್ನೋ ಭ್ರಮೆ ಎಲ್ಲಾನೂ ಹೊರಗೆ ಹಾಕಿದ, ಜನ ಕಣ್ಣಾರೆ ಕಂಡು ಕಿವಿಯಾರೆ ಕೇಳಿದರು. 1882ರಲ್ಲಿ ಗಲ್ಲಾಯ್ತು. ಇವತ್ತು ಗಾರ್ಫೀಲ್ಡ್ ಕೊಲೆ ಬಗ್ಗೆ ಯಾರಾದ್ರೂ ರಾತ್ರಿಯೆಲ್ಲ ಕೂತು ವಾದ ಮಾಡೋದನ್ನ ಕೇಳಿದ್ದೀರಾ?

ಈಗ ಜಾನ್ ಎಫ್. ಕೆನಡಿ ನೋಡಿ. 1963ರ ನವೆಂಬರ್ 22, ಡಲ್ಲಾಸ್, ಮಧ್ಯಾಹ್ನ ಹನ್ನೆರಡೂವರೆ, ಕಾರಲ್ಲಿ ಹೋಗ್ತಿದ್ದ ಅಧ್ಯಕ್ಷರಿಗೆ ಗುಂಡು ಬಿತ್ತು. ಲೀ ಹಾರ್ವೆ ಆಸ್ವಾಲ್ಡ್ ಅನ್ನೋ 24 ವರ್ಷದ ಹುಡುಗನನ್ನ ಅವತ್ತೇ ಹಿಡಿದರು, ಅವನು ಪೊಲೀಸ್ ಸ್ಟೇಷನ್ನಿನ ಕಾರಿಡಾರಲ್ಲಿ ವರದಿಗಾರರ ಮುಂದೆ ನನ್ನನ್ನ ಬಲಿಪಶು ಮಾಡಿದ್ದಾರೆ ಅಂದ, ಎರಡೇ ದಿನಕ್ಕೆ ಪೊಲೀಸರ ಮಧ್ಯದಲ್ಲಿ ಕೈಕೋಳ ಹಾಕ್ಕೊಂಡು ನಡೀತಿದ್ದಾಗ ಜ್ಯಾಕ್ ರೂಬಿ ಅನ್ನೋ ನೈಟ್‌ಕ್ಲಬ್ ಮಾಲೀಕ ಮುಂದೆ ಬಂದು ಹೊಟ್ಟೆಗೆ ಗುಂಡು ಹೊಡೆದ, ಅದೂ ಟಿವಿಯಲ್ಲಿ ಲೈವ್ ಆಗಿ. ಆರೋಪಿ ಸತ್ತ, ವಿಚಾರಣೆ ಸತ್ತಿತು. ಅವನು ಯಾಕೆ ಮಾಡಿದ ಅನ್ನೋದನ್ನ ಅವನ ಬಾಯಿಂದ ಕೇಳೋ ಅವಕಾಶ ಯಾರಿಗೂ ಸಿಗಲಿಲ್ಲ. ನನ್ನ ಪ್ರಕಾರ ಕಥೆಗಳು ಹುಟ್ಟೋಕೆ ಮೊದಲನೇ ಕಾರಣ ಇದು, ಇದಕ್ಕಿಂತ ದೊಡ್ಡದು ಬೇರೆ ಇಲ್ಲ, ತನಿಖಾ ವರದಿ ಎಷ್ಟೇ ದಪ್ಪ ಇರಲಿ, ಎರಡೂ ಕಡೆ ವಕೀಲರು ಎದುರುಬದುರು ನಿಂತು ಸಾಕ್ಷಿಗಳನ್ನ ಜರಡಿ ಹಿಡಿದ ಹಾಗೆ ಆಗಲ್ಲ. ಮಾರ್ಟಿನ್ ಲೂಥರ್ ಕಿಂಗ್ ವಿಷಯದಲ್ಲೂ ಹೀಗೇ ಆಯ್ತು, 1969ರಲ್ಲಿ ಕೊಲೆ ಆರೋಪಿ ಜೇಮ್ಸ್ ಅರ್ಲ್ ರೇ ತಪ್ಪೊಪ್ಪಿಕೊಂಡಿದ್ದಕ್ಕೆ ಪೂರ್ತಿ ವಿಚಾರಣೆಯೇ ನಡೆಯಲಿಲ್ಲ, ಮೂರೇ ದಿನಕ್ಕೆ ಅವನು ಮಾತು ಬದಲಾಯಿಸಿದ.

ಎರಡನೇದು ಮನಸ್ಸಿನ ತಕ್ಕಡಿ. ದೊಡ್ಡ ಘಟನೆಗೆ ದೊಡ್ಡ ಕಾರಣಾನೇ ಇರಬೇಕು ಅಂತ ನಮ್ಮ ಮನಸ್ಸು ಹಠ ಹಿಡಿಯುತ್ತೆ. ಕೆನಡಿ ಕೊಲೆ ತನಿಖೆ ಮಾಡಿದ ವಾರೆನ್ ಆಯೋಗ 888 ಪುಟದ ವರದಿ ಕೊಡ್ತು, ಅದರ ಜೊತೆಗೆ 26 ಸಂಪುಟ ಸಾಕ್ಷ್ಯ, ಕೊನೆಗೆ ಹೇಳಿದ್ದೇನು, ಪುಸ್ತಕದ ಗೋದಾಮಿನಲ್ಲಿ ಕೆಲಸಕ್ಕಿದ್ದ ಒಬ್ಬನೇ ಒಬ್ಬ ಅತೃಪ್ತ ಹುಡುಗ, ಅಂಚೆಯಲ್ಲಿ ಇಪ್ಪತ್ತು ಡಾಲರ್ ಚಿಲ್ಲರೆಗೆ ತರಿಸಿದ ಹಳೇ ಇಟಾಲಿಯನ್ ರೈಫಲ್. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅನ್ನಿಸಿಬಿಡ್ತು ಜನಕ್ಕೆ. ಜಗತ್ತಿನ ಅತ್ಯಂತ ಬಲಶಾಲಿ ಮನುಷ್ಯನನ್ನ ಯಾರಿಗೂ ಬೇಡವಾದ ಒಬ್ಬ ಮುಗಿಸಿಬಿಡಬಹುದು ಅನ್ನೋದು ಭಯ ಹುಟ್ಟಿಸೋ ಮಾತು, ಅದಕ್ಕಿಂತ ಮಾಫಿಯಾ ಮಾಡಿಸ್ತು, ಕ್ಯೂಬಾದ ನಾಯಕ ಕ್ಯಾಸ್ಟ್ರೊ ಮಾಡಿಸಿದ ಅನ್ನೋದು ಎಷ್ಟೋ ಸಮಾಧಾನ, ಕನಿಷ್ಠ ಆ ಸಾವಿಗೆ ಒಂದು ಅರ್ಥ ಆದ್ರೂ ಇರುತ್ತೆ. ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನ ಪರೀಕ್ಷೆ ಮಾಡಿದ್ದಾರೆ, ಅಧ್ಯಕ್ಷನ ಮೇಲೆ ಗುಂಡು ಹಾರಿಸಿದ ಒಂದೇ ಕಥೆ, ಒಂದರಲ್ಲಿ ಅಧ್ಯಕ್ಷ ಸಾಯ್ತಾನೆ ಇನ್ನೊಂದರಲ್ಲಿ ಗುಂಡು ತಪ್ಪುತ್ತೆ, ಸತ್ತ ಕಥೆ ಓದಿದವರೇ ಪಿತೂರಿ ಇರಬೇಕು ಅಂತ ಹೆಚ್ಚು ಹೇಳಿದ್ದು. 1981ರಲ್ಲಿ ರೇಗನ್‌ಗೆ ನಿಜವಾಗ್ಲೂ ಗುಂಡು ಬಿತ್ತು, ಬದುಕಿಕೊಂಡರು, ಹೊಡೆದವನ ಹೆಸರೇ ಇವತ್ತು ಎಷ್ಟೋ ಜನಕ್ಕೆ ನೆನಪಿಲ್ಲ.

ಮೂರನೇದು ಸರ್ಕಾರಗಳೇ ಮಾಡಿಕೊಂಡ ತಪ್ಪು, ಇದರ ಬಗ್ಗೆ ನನಗೆ ನಿಜವಾಗ್ಲೂ ಸಿಟ್ಟಿದೆ. ಆಸ್ವಾಲ್ಡ್ ಸೋವಿಯತ್ ಒಕ್ಕೂಟಕ್ಕೆ ಹೋಗಿ ಎರಡೂವರೆ ವರ್ಷ ಇದ್ದು ಬಂದವನು, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಗೊತ್ತಿದ್ದವನು, ಕೊಲೆಗೆ ಮುಂಚೆ ಡಲ್ಲಾಸಿನ ಎಫ್‌ಬಿಐ ಆಫೀಸಿಗೆ ತಾನೇ ಬಂದು ಒಬ್ಬ ಏಜೆಂಟ್ ಹೆಸರಿಗೆ ಒಂದು ಚೀಟಿ ಕೊಟ್ಟು ಹೋಗಿದ್ದ. ಅವನು ಸತ್ತ ಮೇಲೆ ಆ ಏಜೆಂಟ್ ಮೇಲಿನವರು ಹೇಳಿದ್ರು ಅಂತ ಆ ಚೀಟಿ ಹರಿದು ಶೌಚಾಲಯದಲ್ಲಿ ಹಾಕಿ ನೀರು ಬಿಟ್ಟ, ಇದು ಹೊರಗೆ ಬಂದಿದ್ದು 1975ರಲ್ಲಿ. ಇನ್ನೊಂದು ಕಡೆ ಸಿಐಎ ಕ್ಯಾಸ್ಟ್ರೊನ ಕೊಲ್ಲೋಕೆ ಮಾಫಿಯಾದವರ ಜೊತೆ ಸೇರಿ ಸಂಚು ಮಾಡಿತ್ತು, ಅದನ್ನ ವಾರೆನ್ ಆಯೋಗಕ್ಕೆ ಹೇಳಲೇ ಇಲ್ಲ, ಸಿಐಎಯ ಹಳೇ ಮುಖ್ಯಸ್ಥ ಅಲೆನ್ ಡಲ್ಲೆಸ್ ಆ ಆಯೋಗದ ಸದಸ್ಯನಾಗಿ ಅಲ್ಲೇ ಕೂತಿದ್ದರೂನೂ. ಇವರು ಮುಚ್ಚಿಟ್ಟಿದ್ದು ಕೆನಡಿ ಕೊಲೇನ ಅಲ್ಲ, ತಮ್ಮ ಹುಳುಕನ್ನ, ತಮ್ಮ ನಿರ್ಲಕ್ಷ್ಯವನ್ನ. ಆದ್ರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡವನನ್ನ ಜನ ಏನಂತ ತಿಳಿಕೊಳ್ತಾರೆ? 1976ರ ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕದ 81 ಪರ್ಸೆಂಟ್ ಜನ ಆಸ್ವಾಲ್ಡ್ ಒಬ್ಬನೇ ಅಲ್ಲ ಅಂದರು. 1979ರಲ್ಲಿ ಸಂಸತ್ತಿನ ಸಮಿತಿಯೇ ಪೊಲೀಸ್ ರೇಡಿಯೋ ರೆಕಾರ್ಡಿಂಗಿನ ಒಂದು ಸದ್ದು ಇನ್ನೊಂದು ಬಂದೂಕಿನದ್ದು ಅಂತ ನೆಚ್ಚಿಕೊಂಡು ಬಹುಶಃ ಪಿತೂರಿ ಇತ್ತು ಅಂತ ಬರೆದುಬಿಡ್ತು, 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಆ ಸದ್ದು ಗುಂಡು ಹಾರಿದ ಒಂದು ನಿಮಿಷದ ಮೇಲಿನದ್ದು ಅಂತ ತಳ್ಳಿಹಾಕಿದ್ದು ಯಾರ ಕಿವಿಗೂ ಅಷ್ಟಾಗಿ ಬೀಳಲಿಲ್ಲ.

ಪಾಕಿಸ್ತಾನದ ಮಾಜಿ ಪ್ರಧಾನಿ ಬೆನಜೀರ್ ಭುಟ್ಟೊ ಕೊಲೆ ಇನ್ನೂ ನೋವಿನದ್ದು. 2007ರ ಡಿಸೆಂಬರ್ 27, ರಾವಲ್ಪಿಂಡಿ. ಬಾಂಬ್ ಸಿಡಿದು ಎರಡು ಗಂಟೆಯೊಳಗೆ ಪೈಪ್ ಹಿಡಿದು ರಸ್ತೆ ತೊಳೆದುಬಿಟ್ಟರು, ಮರಣೋತ್ತರ ಪರೀಕ್ಷೆ ಮಾಡಲಿಲ್ಲ, ವಿಶ್ವಸಂಸ್ಥೆಯ ಆಯೋಗ 2010ರಲ್ಲಿ ಇದನ್ನೆಲ್ಲ ಕಟುವಾಗಿ ಬರೀತು. ಸಾಕ್ಷಿ ಚರಂಡಿಗೆ ಹರಿದು ಹೋದ ಮೇಲೆ ಯಾವ ಕಥೆಯನ್ನೂ ಸುಳ್ಳು ಅಂತ ತೋರಿಸೋಕೂ ಆಗಲ್ಲ, ನಿಜ ಅಂತ ತೋರಿಸೋಕೂ ಆಗಲ್ಲ.

ಇನ್ನು ಅನುಮಾನ ಪಡೋರನ್ನ ಹುಚ್ಚರು ಅಂತ ತಳ್ಳಿಬಿಡೋದು ನನಗೆ ಸರಿ ಕಾಣಲ್ಲ. 1961ರ ಜನವರಿಯಲ್ಲಿ ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಕೊಲೆಯಾದಾಗ ಇದರ ಹಿಂದೆ ಬೆಲ್ಜಿಯಂ ಇದೆ ಅಂದವರನ್ನ ಹಾಗೇ ನೋಡಿದ್ದರು, 40 ವರ್ಷ ಆದ ಮೇಲೆ ಬೆಲ್ಜಿಯಂ ಸಂಸತ್ತಿನ ಸಮಿತಿಯೇ ನಮಗೆ ನೈತಿಕ ಹೊಣೆ ಇದೆ ಅಂತ ಒಪ್ಪಿಕೊಂಡಿತು. ಲುಮುಂಬಾಗೆ ವಿಷ ಹಾಕೋಕೆ ಸಿಐಎ ಬೇರೆ ಒಂದು ಯೋಜನೆ ಮಾಡಿತ್ತು ಅನ್ನೋದೂ ಆಮೇಲೆ ದಾಖಲೆ ಸಮೇತ ಹೊರಬಂತು. ಒಮ್ಮೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯೋದು ಸಹಜ.

ಹಾಗಾದ್ರೆ ನಿಜವಾದ ಪಿತೂರಿಗೂ ಥಿಯರಿಗೂ ವ್ಯತ್ಯಾಸ ಗೊತ್ತಾಗೋದು ಹೇಗೆ? ನಾನು ನೋಡೋದು ಒಂದನ್ನ, ಎದುರು ಸಾಕ್ಷಿ ಸಿಕ್ಕಾಗ ಆ ಕಥೆ ಏನು ಮಾಡುತ್ತೆ ಅಂತ. ಸಾಬೀತಾದ ಪಿತೂರಿಗಳಲ್ಲಿ ಸಾಮಾನ್ಯವಾಗಿ ಬೆರಳೆಣಿಕೆ ಜನ, ಎಡವಟ್ಟು ಮಾಡ್ತಾರೆ, ಯಾರೋ ಒಬ್ಬ ಬಾಯಿ ಬಿಡ್ತಾನೆ, ಕಾಗದ ಸಿಗುತ್ತೆ. ಥಿಯರಿ ಮಾತ್ರ ಬೆಳೀತಾ ಹೋಗುತ್ತೆ, ಡಾಕ್ಟರ್ ಬೇರೆ ಹೇಳಿದ್ರೆ ಡಾಕ್ಟರೂ ಶಾಮೀಲು, ಜಡ್ಜ್ ಬೇರೆ ಹೇಳಿದ್ರೆ ಜಡ್ಜೂ ಶಾಮೀಲು, ಸಾಕ್ಷಿ ಸಿಗದಿದ್ರೆ ಅದೇ ಸಾಕ್ಷಿ.

ಇದಕ್ಕೆ ಡಲ್ಲಾಸಿನ ಛತ್ರಿಯವನ ಪ್ರಸಂಗ ಹೇಳಲೇಬೇಕು. ಕೆನಡಿ ಕೊಲೆಯನ್ನ ಅಬ್ರಹಾಂ ಝಪ್ರೂಡರ್ ಅನ್ನೋರು ತಮ್ಮ ಚಿಕ್ಕ ಕ್ಯಾಮೆರಾದಲ್ಲಿ ಹಿಡಿದಿದ್ದರು, 26 ಸೆಕೆಂಡಿನ ಫಿಲ್ಮ್, 486 ಫ್ರೇಮ್. ಯಾವುದೇ ಬೀದಿಯ 26 ಸೆಕೆಂಡನ್ನ ಒಂದೊಂದೇ ಫ್ರೇಮಾಗಿ ವರ್ಷಗಟ್ಟಲೆ ನೋಡಿದ್ರೆ ವಿಚಿತ್ರ ಏನಾದ್ರೂ ಕಾಣದೇ ಇರಲ್ಲ. ಇಲ್ಲಿ ಕಂಡಿದ್ದು ಬಿಸಿಲು ಕಾಯ್ತಿರೋ ಹೊತ್ತಲ್ಲಿ, ಅಧ್ಯಕ್ಷರ ಕಾರು ಹಾದು ಹೋಗೋ ಜಾಗದಲ್ಲೇ, ಕಪ್ಪು ಛತ್ರಿ ಬಿಚ್ಚಿ ಹಿಡಿದು ನಿಂತ ಒಬ್ಬ. ಮಳೆ ಇಲ್ಲ, ಬೇರೆ ಯಾರ ಕೈಯಲ್ಲೂ ಛತ್ರಿ ಇಲ್ಲ. ಸನ್ನೆ ಕೊಟ್ಟ ಅಂದರು ಕೆಲವರು, ಛತ್ರಿಯೊಳಗಿಂದಲೇ ವಿಷದ ಬಾಣ ಹಾರಿಸಿದ ಅಂತ ಚಿತ್ರ ಬರೆದೇ ತೋರಿಸಿದರು ಇನ್ನು ಕೆಲವರು. 1978ರಲ್ಲಿ ಸಂಸತ್ತಿನ ಸಮಿತಿ ಮುಂದೆ ಆ ಮನುಷ್ಯ ತಾನೇ ಬಂದ, ಛತ್ರಿಯನ್ನೂ ಕಾಣಿಸಿದರು. ಕಾರಣ ಏನಂದ್ರೆ, ಕೆನಡಿಯವರ ತಂದೆ ಜೋಸೆಫ್ ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ ರಾಯಭಾರಿ ಆಗಿದ್ದರು, ಹಿಟ್ಲರ್ ಜೊತೆ ರಾಜಿಗೆ ಹೋದ ಅಲ್ಲಿನ ಪ್ರಧಾನಿ ಚೇಂಬರ್ಲೇನ್‌ಗೆ ಬೆಂಬಲವಾಗಿದ್ದರು, ಚೇಂಬರ್ಲೇನ್ ಅಂದ್ರೆ ಅವರ ಕೈಯಲ್ಲಿ ಯಾವಾಗಲೂ ಇರ್ತಿದ್ದ ಕಪ್ಪು ಛತ್ರಿ, ಆ ಹಳೇ ಸಿಟ್ಟು ನೆನಪಿಸಿ ಮಗನನ್ನ ಕೆಣಕೋಣ ಅಂತ ಈತ ಛತ್ರಿ ತಂದಿದ್ದ. ತಪ್ಪು ಜಾಗದಲ್ಲಿ, ತಪ್ಪು ಹೊತ್ತಲ್ಲಿ, ತಪ್ಪು ಕೆಲಸ ಮಾಡಿದ್ದಕ್ಕೆ ಗಿನ್ನೆಸ್ ಪುಸ್ತಕದಲ್ಲಿ ಜಾಗ ಇದ್ದಿದ್ರೆ ನಾನೇ ಮೊದಲನೆಯವನು ಅಂತ ಅಲ್ಲಿ ಹೇಳಿದ. ಇಷ್ಟು ವಿಚಿತ್ರವಾದ, ಯಾರ ಊಹೆಗೂ ಬಾರದ ಕಾರಣ. ಕೆಲವರು ಅದನ್ನ ಕೇಳಿ ಸುಮ್ಮನಾದರು, ಇನ್ನು ಕೆಲವರು ಈತ ನಿಜವಾದ ಛತ್ರಿಯವನೇ ಅಲ್ಲ ಅಂದರು.