‘ಅಮೆರಿಕನ್ ಸ್ಲ್ಯಾಂಗ್’ ಅಂದರೆ ಉಚ್ಚಾರಣೆ ಅಲ್ಲ ಮಾರಾಯ್ರೇ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಸಿನಿಮಾದಲ್ಲಿ ಅವರ ಸ್ಲ್ಯಾಂಗ್ ಮಾತ್ರ ತಲೆಗೆ ಹೋಗಲ್ಲ. ಅಮೆರಿಕನ್ ಸ್ಲ್ಯಾಂಗ್ ಕಲಿಯೋದು ಹೇಗೆ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಇರಲಿ, ಮತ್ತೊಮ್ಮೆ. ನಿಮಗೆ ಅರ್ಥವಾಗದೆ ಇರುವುದು ಬಹುಪಾಲು ಸ್ಲ್ಯಾಂಗ್ ಅಲ್ಲ, ಆಕ್ಸೆಂಟ್. ‘ವಾಟರ್’ ಅವರ ಬಾಯಲ್ಲಿ ‘ವಾಡರ್’ ಆದರೆ ಅದು ಉಚ್ಚಾರಣೆ. ‘ಗೋಯಿಂಗ್ ಟು’ ಕರಗಿ ‘ಗೊನ್ನ’ ಆದರೆ ಅದೂ ಉಚ್ಚಾರಣೆಯೇ. ಪದ ಹಳೆಯದೇ, ನಾಲಿಗೆ ಅವಸರದ್ದು.

‘ಮಂಗಳೂರು ಸ್ಲ್ಯಾಂಗ್’, ‘ಹುಬ್ಬಳ್ಳಿ ಸ್ಲ್ಯಾಂಗ್’, ‘ಮಲ್ನಾಡ್ ಸ್ಲ್ಯಾಂಗ್’ ಎಂದು ನಾವೇ ಹೇಳಿ ಹೇಳಿ ಈ ಪದವನ್ನು ಹಾಳು ಮಾಡಿದ್ದೇವೆ. ಸಾಗರದ ಹವ್ಯಕರ ಮನೆಯಲ್ಲಿ ‘ನಾನು’ ಎನ್ನಲು ‘ಆನು’ ಅನ್ನುತ್ತಾರೆ. ಇದು ಸ್ಲ್ಯಾಂಗೇ? ಹಳಗನ್ನಡದ ‘ಆನ್’ ಅದು! ಅಜ್ಜಿ, ಮೊಮ್ಮಗು ಇಬ್ಬರದೂ ಅದೇ ಮಾತು, ಪೂಜೆಗೂ ಜಗಳಕ್ಕೂ ಅದೇ. ಅದು ಉಪಭಾಷೆ, ಅದಕ್ಕೆ ಅದರದೇ ವ್ಯಾಕರಣವಿದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂದರೆ ಅದೂ ಸ್ಲ್ಯಾಂಗ್ ಅಲ್ಲ, ಅಡಿಕೆ ವ್ಯಾಪಾರದ ಪರಿಭಾಷೆ. ಆ ಪದಗಳನ್ನು ಬಿಟ್ಟರೆ ರೇಟು ಹೇಳುವುದಕ್ಕೇ ಬರುವುದಿಲ್ಲ.

ಹಾಗಾದರೆ ಸ್ಲ್ಯಾಂಗ್ ಯಾವುದು? ‘ಹೊಗೆ ಹಾಕಿಸ್ಕೊಂಡ’. ‘ತೀರಿಕೊಂಡ’ ಅನ್ನುವ ಪದ ಇದ್ದೂ ಬೇಕೆಂದೇ ಇದನ್ನು ಆರಿಸುತ್ತಾರೆ. ಗೆಳೆಯರ ನಡುವೆ ನಡೆಯುತ್ತದೆ, ಸಾವಿನ ಮನೆಯಲ್ಲಿ ಅಂದರೆ ಏಟು ಬೀಳುತ್ತದೆ. ಅದೇ ಅರ್ಥದ ಸಾದಾ ಪದ ಇದ್ದಾಗಲೂ ಸಲಿಗೆಗೋ ಗೇಲಿಗೋ ಬೇರೆಯದನ್ನು ಹಿಡಿದರೆ ಅದು ಸ್ಲ್ಯಾಂಗ್. ಇಂಗ್ಲಿಷಿನ ‘ಕಿಕ್ ದ ಬಕೆಟ್’ ಇದರ ಅಣ್ಣ. ಇಂಗ್ಲೆಂಡಿನ ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ತಂದ ಸ್ಲ್ಯಾಂಗ್ ನಿಘಂಟಿನಲ್ಲೇ ಅದು ಸಿಗುತ್ತದೆ. ಈಗಿನ ಹುಡುಗರು ಭಾಷೆ ಕೆಡಿಸಿದರು ಎನ್ನುವವರು ಇಸವಿಯನ್ನು ಇನ್ನೊಮ್ಮೆ ನೋಡಿಕೊಳ್ಳಲಿ.

ಬಗೆಗಳು ಹಲವು. ಲಂಡನ್ನಿನ ಪೂರ್ವ ಭಾಗದ ದುಡಿಯುವ ಜನ, ಅಂದರೆ ಕಾಕ್ನಿಗಳದು ಪ್ರಾಸದ ಆಟ: ‘ಲುಕ್’ಗೆ ಪ್ರಾಸವಾಗಿ ‘ಬುಚರ್ಸ್ ಹುಕ್’ ತಂದು, ಆಮೇಲೆ ಪ್ರಾಸ ಕೂಡಿಸಿದ ‘ಹುಕ್’ ಅನ್ನೇ ಕಿತ್ತು ಬಿಸಾಕುತ್ತಾರೆ. ‘ಹ್ಯಾವ್ ಎ ಬುಚರ್ಸ್’ ಅಂದರೆ ‘ಒಂಚೂರು ನೋಡು’. ತಳ್ಳುಗಾಡಿ ವ್ಯಾಪಾರಿಗಳು ಅಕ್ಷರಗಳನ್ನೇ ಹಿಂದುಮುಂದು ಮಾಡುತ್ತಿದ್ದರು. ‘ಬಾಯ್’ ತಿರುಗಿ ‘ಯಾಬ್’ ಆಯಿತು, ಈಗ ಅದಕ್ಕೆ ಪುಂಡ ಎಂದರ್ಥ. ‘ಕೂಲ್’ ಹರಡಿದ್ದು ಅಮೆರಿಕದ ಕಪ್ಪು ಜಾಜ್ ಸಂಗೀತಗಾರರಿಂದ. ಮನಸ್ಸು ಸೆಳೆಯುವ ಮೋಡಿಗೆ ಹುಡುಗರು ಅನ್ನುವ ‘ರಿಜ್’ 2023ರಲ್ಲಿ ಆಕ್ಸ್‌ಫರ್ಡಿನ ವರ್ಷದ ಪದವೇ ಆಯಿತು.

ಸಿನಿಮಾ ಅರ್ಥವಾಗಬೇಕಾದರೆ ಒಂದೇ ನಿಮಿಷದ ತುಣುಕು ಆರಿಸಿ. ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಮತ್ತೆ ತೆಗೆದು ಕೇಳಿ. ಓದಿದಾಗ ಅರ್ಥವಾಯಿತೇ? ತೊಂದರೆ ಕಿವಿಯದು. ಓದಿದರೂ ಆಗಲಿಲ್ಲವೇ? ಆಗ ನಿಘಂಟು ತೆಗೆದು, ಪದದ ಮುಂದೆ ‘ಸ್ಲ್ಯಾಂಗ್’ ಎಂಬ ಗುರುತಿದೆಯೇ, ಯಾವ ದೇಶದ್ದು, ಈಗಲೂ ಬಳಕೆಯಲ್ಲಿದೆಯೇ ನೋಡಿ. ಅರ್ಥ ತಿಳಿದಿರಲಿ, ಇಂಟರ್‌ವ್ಯೂನಲ್ಲಿ ಬಳಸಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ನಮ್ಮ ಕಡೆಯ ಮಾತೂ ಇಂಗ್ಲಿಷ್ ಸ್ಲ್ಯಾಂಗಿಗೆ ಸೇರಿದೆ. ಬ್ರಿಟಿಷರ ‘ಪಕ್ಕಾ’ ನಮ್ಮ ಪಕ್ಕಾವೇ. ಪರದೇಶದ್ದು ಎನ್ನುವ ‘ವಿಲಾಯತಿ’ ಅವರ ಸೈನಿಕರ ಬಾಯಲ್ಲಿ ‘ಬ್ಲೈಟಿ’ ಆಗಿ, ಬ್ರಿಟನ್ನಿಗೇ ಹೆಸರಾಯಿತು. ಮೊದಲ ಮಹಾಯುದ್ಧದಲ್ಲಿ, ಊರಿಗೆ ವಾಪಸು ಕಳಿಸುವಷ್ಟು ದೊಡ್ಡ ಗಾಯಕ್ಕೂ ‘ಬ್ಲೈಟಿ’ ಅಂದರು. ನಮಗೆ ಪರದೇಶ, ಅವರಿಗೆ ತವರು.