ಸೋತ ಅಧ್ಯಕ್ಷ ಕುರ್ಚಿ ಬಿಡಲ್ಲ ಅಂದ್ರೆ ಎಬ್ಬಿಸೋರು ಯಾರು?

ಮಗಳು ಅಳಿಯ ಅಮೆರಿಕದಲ್ಲಿರೋ ಒಬ್ಬ ಅಮ್ಮ ಕೇಳಿದ ಪ್ರಶ್ನೆ ಇದು, ಬೇರೆ ಬೇರೆ ಮಾತಲ್ಲಿ ಇನ್ನೂ ತುಂಬಾ ಜನ ಕೇಳ್ತಾನೇ ಇರ್ತಾರೆ: "ಅಲ್ಲಿ ಅಧಿಕಾರದಲ್ಲಿರೋ ಅಧ್ಯಕ್ಷರೇ ಎಲೆಕ್ಷನ್‌ಗೆ ನಿಂತು ಸೋತು, ಆಮೇಲೆ ನಾನು ಸೋತೇ ಇಲ್ಲ, ಮೋಸ ಆಗಿದೆ, ಇಲ್ಲಿಂದ ಏಳಲ್ಲ ಅಂತ ಕೂತ್ಬಿಟ್ರೆ ಏನ್ ಮಾಡ್ತಾರೆ? ಮಿಲಿಟರಿ ಬಂದು ಎಬ್ಬಿಸುತ್ತಾ? 2020ರಲ್ಲಿ ಹಾಗೇ ಆಗಿತ್ತಲ್ವಾ?"

ಮೊದಲು ಎಬ್ಬಿಸೋ ವಿಷಯ ಹೇಳಿಬಿಡ್ತೀನಿ. ಎಬ್ಬಿಸೋದೇ ಬೇಕಾಗಲ್ಲ. ಅಮೆರಿಕದ ಸಂವಿಧಾನದ 20ನೇ ತಿದ್ದುಪಡಿ ಪ್ರಕಾರ ಅಧ್ಯಕ್ಷರ ಅವಧಿ ಜನವರಿ 20ರ ಮಧ್ಯಾಹ್ನ 12 ಗಂಟೆಗೆ ಮುಗಿದುಹೋಗುತ್ತೆ, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ. ಅವರು ಒಪ್ಪಲಿ ಬಿಡಲಿ, ವೈಟ್ ಹೌಸ್‌ನಲ್ಲೇ ಇರಲಿ, ಎಲ್ಲಾದ್ರೂ ಇರಲಿ. 12 ಹೊಡೆದ ಮೇಲೆ ಅವರೊಬ್ಬ ಸಾಮಾನ್ಯ ಪ್ರಜೆ, ಅವರ ಸಹಿಗೆ ಬೆಲೆ ಇಲ್ಲ, ಅವರ ಆರ್ಡರ್ ಯಾರೂ ಪಾಲಿಸಬೇಕಿಲ್ಲ. 2021ರಲ್ಲಿ ಇದು ಕಣ್ಣಿಗೆ ಕಾಣೋ ಹಾಗೆ ನಡೀತು. ಟ್ರಂಪ್ ಬೆಳಿಗ್ಗೆನೇ ಫ್ಲಾರಿಡಾಗೆ ಹೊರಟ್ರು, ಬೈಡನ್ ಪ್ರಮಾಣವಚನಕ್ಕೆ ಇರಲಿಲ್ಲ. ಅಣ್ವಸ್ತ್ರ ಆದೇಶಕ್ಕೆ ಅಂತ ಅಧ್ಯಕ್ಷರ ಹಿಂದೆ ಹಿಂದೆನೇ ಒಬ್ಬ ಮಿಲಿಟರಿ ಅಧಿಕಾರಿ ಒಂದು ಬ್ರೀಫ್‌ಕೇಸ್ ಹಿಡ್ಕೊಂಡು ಓಡಾಡ್ತಾರಲ್ಲ, ಅವತ್ತು ಅಂಥ ಒಂದು ಟ್ರಂಪ್ ಜೊತೆ ವಿಮಾನದಲ್ಲಿ ಹೋಯ್ತು, ಇನ್ನೊಂದು ವಾಷಿಂಗ್ಟನ್‌ನಲ್ಲಿ ಬೈಡನ್‌ಗೆ ಅಂತ ರೆಡಿ ಇತ್ತು. 12 ಗಂಟೆಗೆ ಆ ಕಡೆ ಕೋಡ್ ಸತ್ತಿತು, ಈ ಕಡೆ ಜೀವ ಬಂತು.

ನಮಗೆ ಈ ಅನುಮಾನ ಬರೋದು ಸಹಜ ಅಂತ ನಂಗನ್ಸುತ್ತೆ, ಯಾಕಂದ್ರೆ ನಮ್ಮಲ್ಲಿ ಸೋತ ಮುಖ್ಯಮಂತ್ರಿ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಡ್ತಾರೆ, ಟಿವಿಯವರು ಗೇಟ್ ಮುಂದೆನೇ ಕಾಯ್ತಿರ್ತಾರೆ, ಹೊಸಬರು ಬರೋ ತನಕ ಹಳಬರೇ ಹಂಗಾಮಿಯಾಗಿ ಇರ್ತಾರೆ. ಹಾಗಾಗಿ ರಾಜೀನಾಮೆ ಕೊಡದೇ ಇದ್ರೆ ಏನು ಗತಿ ಅಂತ ತಲೆಗೆ ಬರುತ್ತೆ. ಅಲ್ಲಿ ರಾಜೀನಾಮೆನೂ ಇಲ್ಲ, ಹಳಬರೇ ಹಂಗಾಮಿಯಾಗಿ ಇರೋದೂ ಇಲ್ಲ. ಜನವರಿ 20ರ ಹೊತ್ತಿಗೆ ಅಧ್ಯಕ್ಷರೂ ಉಪಾಧ್ಯಕ್ಷರೂ ಯಾರು ಅಂತ ತೀರ್ಮಾನನೇ ಆಗಿಲ್ಲ ಅಂದ್ರೂ ಹಳಬರು ಮುಂದುವರಿಯಲ್ಲ, ಕೆಳಮನೆಯ ಸ್ಪೀಕರ್ ಹಂಗಾಮಿ ಅಧ್ಯಕ್ಷರಾಗ್ತಾರೆ.

ಸೋಲು ಒಪ್ಪಿಕೊಳ್ಳೋದು ಅಂತೀವಲ್ಲ, ಅದೂ ಅಷ್ಟೇ, ಅದು ಕಾನೂನಲ್ಲ, ರೂಢಿ. ಸೋತವರು ಗೆದ್ದವರಿಗೆ ಫೋನ್ ಮಾಡ್ತಾರೆ, ಬೆಂಬಲಿಗರ ಮುಂದೆ ನಿಂತು ಆಯ್ತು ಮುಗೀತು ಅಂತಾರೆ. 2000ದಲ್ಲಿ ಅಲ್ ಗೋರ್ ಫ್ಲಾರಿಡಾದಲ್ಲಿ ಬರೀ 537 ವೋಟಲ್ಲಿ ಸೋತು, ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ವಿರುದ್ಧ ಬಂದಾಗ, ಮಾರನೇ ದಿನನೇ ಟಿವಿಯಲ್ಲಿ ಸೋಲು ಒಪ್ಪಿಕೊಂಡ್ರು, ಆಮೇಲೆ ಉಪಾಧ್ಯಕ್ಷರಾಗಿದ್ದ ಕಾರಣ ಜನವರಿಯಲ್ಲಿ ತಮ್ಮದೇ ಸೋಲನ್ನ ತಾವೇ ಓದಿ ಹೇಳಿದ್ರು. ಆದ್ರೆ ಹಾಗೆ ಮಾಡದೇ ಇದ್ರೆ ಯಾವ ಕಾನೂನೂ ಮುರಿದ ಹಾಗಾಗಲ್ಲ. 2020ರ ಸೆಪ್ಟೆಂಬರ್ 23ಕ್ಕೆ ಪತ್ರಕರ್ತರೊಬ್ಬರು ಸೋತ್ರೆ ಶಾಂತಿಯಿಂದ ಅಧಿಕಾರ ಹಸ್ತಾಂತರ ಮಾಡ್ತೀರಾ ಅಂತ ಕೇಳಿದ್ದಕ್ಕೆ ಟ್ರಂಪ್ "ಏನಾಗುತ್ತೋ ನೋಡ್ಬೇಕು" ಅಂದಿದ್ರು, ಆ ಮಾತು ಕೇಳಿನೇ ಜಗತ್ತಿಗೆಲ್ಲ ಭಯ ಹತ್ತಿದ್ದು. ಎಲ್ಲರೂ ವೈಟ್ ಹೌಸ್ ಬಾಗಿಲ ಕಡೆನೇ ನೋಡ್ತಾ ಕೂತ್ರು, ಆದ್ರೆ ನಿಜವಾದ ಅಪಾಯ ಆ ಬಾಗಿಲಲ್ಲಿ ಇರಲೇ ಇಲ್ಲ, ನಾನು ಈ ಉತ್ತರ ಬರೀತಿರೋದೇ ಇದನ್ನ ಹೇಳೋಕೆ.

ಅಪಾಯ ಇದ್ದಿದ್ದು ನವೆಂಬರ್ 3ರಿಂದ ಜನವರಿ 6ರ ಮಧ್ಯದ ಒಂಬತ್ತು ವಾರದಲ್ಲಿ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗ, ರಿಟರ್ನಿಂಗ್ ಆಫೀಸರ್ ಸರ್ಟಿಫಿಕೇಟ್ ಕೈಗೆ ಕೊಟ್ರೆ ಅಲ್ಲಿಗೆ ಮುಗೀತು. ಅಮೆರಿಕದಲ್ಲಿ ಅಧ್ಯಕ್ಷರ ಎಲೆಕ್ಷನ್ ರಿಸಲ್ಟ್ ಘೋಷಣೆ ಮಾಡೋ ಅಂಥ ಒಂದು ಆಯೋಗ ಇಲ್ಲ. ಕೌಂಟಿಯವರು, ಅಂದ್ರೆ ನಮ್ಮ ಜಿಲ್ಲೆ ತಾಲ್ಲೂಕು ಇದ್ದ ಹಾಗೆ, ಅವರು ಎಣಿಸ್ತಾರೆ, ಒಂದು ಚಿಕ್ಕ ಮಂಡಳಿ ಕೂತು ಲೆಕ್ಕ ಸರಿ ಇದೆ ಅಂತ ಸಹಿ ಹಾಕುತ್ತೆ, ಅದು ರಾಜ್ಯಕ್ಕೆ ಹೋಗುತ್ತೆ, ರಾಜ್ಯದವರು ಸರ್ಟಿಫೈ ಮಾಡ್ತಾರೆ, ಡಿಸೆಂಬರ್‌ನಲ್ಲಿ ಆ ರಾಜ್ಯದ ಎಲೆಕ್ಟರ್‌ಗಳು, ಅಂದ್ರೆ ರಾಜ್ಯದ ಪರವಾಗಿ ಅಧ್ಯಕ್ಷರನ್ನ ಆರಿಸೋ ಪ್ರತಿನಿಧಿಗಳು, ವೋಟ್ ಹಾಕ್ತಾರೆ, ಆ ಕಾಗದ ವಾಷಿಂಗ್ಟನ್‌ಗೆ ಹೋಗಿ ಜನವರಿ 6ಕ್ಕೆ ಎರಡೂ ಸದನಗಳ ಮುಂದೆ ಎಣಿಕೆ ಆಗುತ್ತೆ. ಒಟ್ಟು 538 ಎಲೆಕ್ಟರ್ ವೋಟ್, ಗೆಲ್ಲೋಕೆ 270 ಬೇಕು, 2020ರಲ್ಲಿ ಬೈಡನ್‌ಗೆ 306, ಟ್ರಂಪ್‌ಗೆ 232. ಇಷ್ಟು ಕೈ ದಾಟಿ ಹೋಗಬೇಕಾದ ಕಾಗದ, ಯಾವ ಕೈ ಬೇಕಾದ್ರೂ ತಡೆದು ನಿಲ್ಲಿಸಬಹುದು ಅನ್ನೋದೇ ಆಗ ಭಯ.

ಎಲೆಕ್ಷನ್ ರಾತ್ರಿ ಮುಂದಿದ್ದ ಟ್ರಂಪ್ ಬೆಳಿಗ್ಗೆ ಹಿಂದೆ ಬಿದ್ರು, ಅಲ್ಲೇ ಮೋಸ ಆಗಿದ್ದು ಅಂತ ಈಗಲೂ ಹೇಳೋರಿದಾರೆ. ಪೆನ್ಸಿಲ್ವೇನಿಯಾದಂಥ ರಾಜ್ಯದಲ್ಲಿ ಅಂಚೆ ಮತದ ಕವರ್‌ನ ಎಲೆಕ್ಷನ್ ದಿನ ಬೆಳಗಾಗೋ ತನಕ ತೆರೆಯೋ ಹಾಗೇ ಇರಲಿಲ್ಲ, ಕೋವಿಡ್ ವರ್ಷ ಬೇರೆ, ಲಕ್ಷಗಟ್ಟಲೆ ಕವರ್, ಅಂಚೆಯಲ್ಲಿ ಹಾಕಿದವರು ಹೆಚ್ಚಾಗಿ ಬೈಡನ್ ಪಕ್ಷದ ಡೆಮಾಕ್ರಟ್‌ಗಳು, ಬೂತ್‌ಗೆ ಹೋದವರು ಹೆಚ್ಚಾಗಿ ಟ್ರಂಪ್ ಪಕ್ಷದ ರಿಪಬ್ಲಿಕನ್‌ರು, ಹಾಗಾಗಿ ಬೂತ್ ಲೆಕ್ಕ ಮೊದಲು ಬಂತು, ಅಂಚೆ ಲೆಕ್ಕ ಆಮೇಲೆ ಬಂತು. ಹೀಗೇ ಆಗುತ್ತೆ ಅಂತ ಎಲೆಕ್ಷನ್‌ಗೂ ಮುಂಚೆನೇ ಗೊತ್ತಿದ್ದವರು ಹೇಳಿದ್ರು.

ಕೋರ್ಟ್‌ಗಳ ಕಥೆ ಜಾಸ್ತಿ ಹೇಳಲ್ಲ, ಟ್ರಂಪ್ ಕಡೆಯವರದು 60ಕ್ಕಿಂತ ಹೆಚ್ಚು ಕೇಸ್, ಹೆಚ್ಚುಕಮ್ಮಿ ಎಲ್ಲಾನೂ ಬಿದ್ದುಹೋದ್ವು. ಪೆನ್ಸಿಲ್ವೇನಿಯಾದ ಕೇಸಲ್ಲಿ ಮೇಲ್ಮನವಿ ತಿರಸ್ಕರಿಸಿ ತೀರ್ಪು ಬರೆದವರು ಸ್ಟೆಫನೋಸ್ ಬೀಬಸ್, ಟ್ರಂಪ್ ಅವರೇ ನೇಮಿಸಿದ್ದ ಜಡ್ಜ್. ಆರೋಪ ಮಾಡೋಕೆ ನಿರ್ದಿಷ್ಟ ವಿವರ ಬೇಕು, ಆಮೇಲೆ ಸಾಕ್ಷಿ ಬೇಕು, ಇಲ್ಲಿ ಎರಡೂ ಇಲ್ಲ ಅಂತ ಬರೆದ್ರು.

ನನ್ನ ಮನಸ್ಸಲ್ಲಿ ಉಳಿದಿರೋದು ಮಿಷಿಗನ್‌ನ ನವೆಂಬರ್ 23ರ ಮೀಟಿಂಗ್. ರಾಜ್ಯದ ಲೆಕ್ಕಕ್ಕೆ ಸಹಿ ಹಾಕೋ ಮಂಡಳಿಯಲ್ಲಿ ನಾಲ್ಕೇ ಜನ, ಇಬ್ಬರು ಡೆಮಾಕ್ರಟ್ ಇಬ್ಬರು ರಿಪಬ್ಲಿಕನ್. ಬೈಡನ್ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವೋಟಿಂದ ಮುಂದಿದ್ರು, ಆದ್ರೂ ಇಬ್ಬರು ರಿಪಬ್ಲಿಕನ್‌ರೂ ಕೈ ಎತ್ತಲ್ಲ ಅಂದ್ರೆ ಅಲ್ಲಿಗೇ ಗಂಟು. ಮೀಟಿಂಗ್ ಆನ್‌ಲೈನ್‌ನಲ್ಲಿ ಲೈವ್ ಇತ್ತು, ಗಂಟೆಗಟ್ಟಲೆ ಜನ ಮಾತಾಡ್ತಾನೇ ಇದ್ರು. ರಿಪಬ್ಲಿಕನ್‌ರಲ್ಲಿ ಒಬ್ಬರು ವೋಟ್ ಹಾಕದೇ ಸುಮ್ಮನಿದ್ರು. ಇನ್ನೊಬ್ಬರು ಆರನ್ ವ್ಯಾನ್ ಲ್ಯಾಂಗೆವೆಲ್ಡ್, ನಲವತ್ತರ ಆಸುಪಾಸಿನ ವಕೀಲರು, ಅಷ್ಟು ದಿನ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾನೂನು ಪುಸ್ತಕ ನೋಡಿದ ಮೇಲೆ ನಂಗೆ ಕಾಣೋದು ಇಷ್ಟೇ, ನಮ್ಮ ಕೆಲಸ ಲೆಕ್ಕ ನೋಡಿ ಸರ್ಟಿಫೈ ಮಾಡೋದು, ನಮಗಿಲ್ಲದ ಅಧಿಕಾರನ ನಾವು ಚಲಾಯಿಸೋ ಹಾಗಿಲ್ಲ ಅನ್ನೋ ಅರ್ಥದಲ್ಲಿ ಮೆಲ್ಲಗೆ ಮಾತಾಡಿ, ಹೌದು ಅಂತ ವೋಟ್ ಹಾಕಿದ್ರು. 3-0. ಮುಂದೆ ಅವರ ಪಕ್ಷ ಅವರನ್ನ ಆ ಸ್ಥಾನಕ್ಕೆ ಮತ್ತೆ ಕಳಿಸಲಿಲ್ಲ. ಈ ಮನುಷ್ಯನನ್ನ ನೆನೆಸಿಕೊಂಡ್ರೆ ನಂಗೆ ಇವತ್ತಿಗೂ ಗೌರವ ಬರುತ್ತೆ.

ಅದೇ ದಿನ ಇನ್ನೊಂದು ಗಂಟೂ ಬಿಚ್ಚಿತು. ಹೊಸಬರ ತಂಡಕ್ಕೆ ಆಫೀಸು, ದುಡ್ಡು, ಇಲಾಖೆಗಳ ಮಾಹಿತಿ ಸಿಗಬೇಕು ಅಂದ್ರೆ ಆಗಿನ ಕಾನೂನಲ್ಲಿ ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್ ಅನ್ನೋ ಸಂಸ್ಥೆಯ ಮುಖ್ಯಸ್ಥರು ಇವರೇ ಗೆದ್ದಿರೋ ಹಾಗಿದೆ ಅಂತ ಒಂದು ಪತ್ರ ಬರೆಯಬೇಕಿತ್ತು. ನವೆಂಬರ್ 7ಕ್ಕೆ ಟಿವಿಗಳೆಲ್ಲ ಬೈಡನ್ ಗೆದ್ರು ಅಂದಿದ್ವು, ಪತ್ರ ಬಂದಿದ್ದು 23ಕ್ಕೆ. ಕೋವಿಡ್‌ನಲ್ಲಿ ಜನ ಸಾಯ್ತಿದ್ದಾಗ ಹದಿನಾರು ದಿನ ಹಾಗೇ ಹೋಯ್ತು.

ಜಾರ್ಜಿಯಾ ರಾಜ್ಯದಲ್ಲಿ ಬೈಡನ್ ಗೆದ್ದ ಅಂತರ 11,779 ವೋಟ್. ಸುಮಾರು 50 ಲಕ್ಷ ವೋಟನ್ನ ಒಂದು ಸಲ ಮಷೀನಲ್ಲಿ, ಒಂದು ಸಲ ಕೈಯಲ್ಲಿ, ಮತ್ತೊಂದು ಸಲ ಮಷೀನಲ್ಲಿ, ಹೀಗೆ ಮೂರು ಸಲ ಎಣಿಸಿದ್ರು, ಮೂರು ಸಲವೂ ಬೈಡನ್ನೇ. 2021ರ ಜನವರಿ 2ಕ್ಕೆ ಟ್ರಂಪ್ ಅಲ್ಲಿಯ ಚುನಾವಣೆ ನೋಡ್ಕೊಳ್ಳೋ ಅಧಿಕಾರಿ ಬ್ರಾಡ್ ರ‍್ಯಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ ಸುಮಾರು ಒಂದು ಗಂಟೆ ಮಾತಾಡಿದ್ರು, ನಂಗೆ ಬೇಕಾಗಿರೋದು 11,780 ವೋಟ್ ಹುಡುಕೋದು ಅಷ್ಟೇ ಅಂದಿದ್ದು ರೆಕಾರ್ಡ್ ಆಗಿ ಜಗತ್ತೆಲ್ಲ ಕೇಳ್ತು. ಅಂತರಕ್ಕಿಂತ ಒಂದೇ ಒಂದು ಜಾಸ್ತಿ. ರ‍್ಯಾಫೆನ್ಸ್‌ಪರ್ಗರ್ ಸ್ವತಃ ರಿಪಬ್ಲಿಕನ್, ಟ್ರಂಪ್‌ಗೇ ವೋಟ್ ಹಾಕಿದ್ದವರು, ನಿಮ್ಮ ಹತ್ರ ಇರೋ ಅಂಕಿಅಂಶ ತಪ್ಪು ಸರ್ ಅಂದ್ರು.

ಆಮೇಲೆ ಜನವರಿ 6. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು, ಅಮೆರಿಕದಲ್ಲಿರೋ ನನ್ನ ಅಕ್ಕ ಫೋನ್ ಮಾಡಿ ಟಿವಿ ಹಾಕು ಟಿವಿ ಹಾಕು ಅಂತ ಅಳ್ತಾ ಇದ್ಲು, ಅವಳ ಮಕ್ಕಳಿಗೆ ಸ್ಕೂಲಲ್ಲಿ ಪ್ರಜಾಪ್ರಭುತ್ವದ ಪಾಠದಲ್ಲಿ ತೋರಿಸ್ತಿದ್ದ ಅದೇ ಬಿಳಿ ಗುಮ್ಮಟದ ಸಂಸತ್ ಕಟ್ಟಡದ ಕಿಟಕಿ ಒಡೆದು ಟ್ರಂಪ್ ಬೆಂಬಲಿಗರು ಒಳಗೆ ನುಗ್ತಿದ್ರು. ಅವರ ಬೇಡಿಕೆ ಏನಪ್ಪಾ ಅಂದ್ರೆ ಉಪಾಧ್ಯಕ್ಷ ಮೈಕ್ ಪೆನ್ಸ್ ಕೆಲವು ರಾಜ್ಯಗಳ ಕಾಗದನ ತಾವೇ ತಿರಸ್ಕರಿಸ್ಬೇಕು ಅಂತ. ಪೆನ್ಸ್ ನಂಗೆ ಆ ಅಧಿಕಾರ ಇಲ್ಲ ಅಂತ ಪತ್ರ ಬರೆದಿದ್ರು. ಬೊಮ್ಮಾಯಿ ಕೇಸ್ ಕೇಳಿರೋ ನಮಗೆ ಇದು ಬೇಗ ಅರ್ಥ ಆಗುತ್ತೆ: ಬಹುಮತ ಇದ್ಯೋ ಇಲ್ವೋ ಅಂತ ರಾಜ್ಯಪಾಲರು ತಮ್ಮ ಮನಸ್ಸಲ್ಲೇ ತೀರ್ಮಾನ ಮಾಡೋ ಹಾಗಿಲ್ಲ, ಸದನದಲ್ಲಿ ಎಲ್ಲರ ಮುಂದೆ ಎಣಿಸ್ಬೇಕು ಅಂತ 1994ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು. ಎಣಿಸೋಕೆ ಕೂತಿರೋ ಒಬ್ಬರ ಇಷ್ಟಕ್ಕೆ ಅದನ್ನ ಬಿಡೋ ಹಾಗಿಲ್ಲ.

ಆ ಗಲಾಟೆಯಲ್ಲಿ ನಡೆದ ಒಂದು ಸಣ್ಣ ಕೆಲಸ ತುಂಬಾ ಜನಕ್ಕೆ ಗೊತ್ತಿಲ್ಲ. ರಾಜ್ಯಗಳಿಂದ ಬಂದ ಕಾಗದಗಳನ್ನ ಮರದ ಪೆಟ್ಟಿಗೆಗಳಲ್ಲಿ ಇಟ್ಟಿರ್ತಾರೆ, ಚರ್ಮದ ಪಟ್ಟಿ ಕಟ್ಟಿರೋ ಹಳೇ ಕಾಲದ ಪೆಟ್ಟಿಗೆಗಳು. ಸದನ ಖಾಲಿ ಮಾಡಿಸುವಾಗ ಸೆನೆಟ್ ಸಿಬ್ಬಂದಿ ಅವನ್ನ ಬಿಟ್ಟು ಓಡಲಿಲ್ಲ, ಎತ್ಕೊಂಡು ಹೋದ್ರು. ಪೆನ್ಸ್ ಕಟ್ಟಡದ ಕೆಳಗಡೆ ಅಡಗಿ ಕೂತ್ರು, ಕಾರ್ ಹತ್ತಿ ಹೊರಟುಹೋಗಲಿಲ್ಲ. ಅಲ್ಲಿಯ ರಾತ್ರಿ ಎಂಟರ ಹೊತ್ತಿಗೆ ಗಾಜಿನ ಚೂರು ಬಿದ್ದಿರೋ ಕಟ್ಟಡದಲ್ಲೇ ಮತ್ತೆ ಸೇರಿದ್ರು, ಅಷ್ಟೆಲ್ಲ ಆದ ಮೇಲೂ 147 ರಿಪಬ್ಲಿಕನ್ ಸದಸ್ಯರು ಆಕ್ಷೇಪಣೆ ಪರವಾಗಿ ವೋಟ್ ಹಾಕಿದ್ರು, ಆದ್ರೂ ಎಣಿಕೆ ನಿಲ್ಲಲಿಲ್ಲ, ಬೆಳಗಿನ ಜಾವ 3.40ರ ಸುಮಾರಿಗೆ ಮುಗೀತು. ಅದೇ ರಾತ್ರಿ ಮುಗಿಸಿಬಿಟ್ಟಿದ್ದು ಎಷ್ಟು ದೊಡ್ಡ ವಿಷಯ ಅಂತ ಈಗ ಅನ್ಸುತ್ತೆ.

ಮಿಲಿಟರಿ ಪ್ರಶ್ನೆಗೆ ಬರ್ತೀನಿ. ಅಲ್ಲಿ ಸೈನಿಕರು ಪ್ರಮಾಣ ಮಾಡೋದು ಸಂವಿಧಾನಕ್ಕೆ, ಅಧ್ಯಕ್ಷರ ಹೆಸರಿಗಲ್ಲ. ಆಗಿನ ಸೇನಾ ಮುಖ್ಯಸ್ಥ ಮಾರ್ಕ್ ಮಿಲ್ಲಿ ಆಗಸ್ಟಲ್ಲೇ ಎಲೆಕ್ಷನ್ ಜಗಳದಲ್ಲಿ ಸೇನೆಗೆ ಪಾತ್ರ ಇಲ್ಲ ಅಂತ ಬರೆದುಕೊಟ್ಟಿದ್ರು, ಜನವರಿ 3ಕ್ಕೆ ಬದುಕಿದ್ದ ಹತ್ತೂ ಮಾಜಿ ರಕ್ಷಣಾ ಮಂತ್ರಿಗಳು ಒಟ್ಟಿಗೆ ಅದನ್ನೇ ಹೇಳಿದ್ರು. ಸೇನೆ ಬಂದು ಯಾರನ್ನೂ ಎಬ್ಬಿಸೋದು ಬೇಡ, ಯಾರನ್ನೂ ಕೂರಿಸೋದೂ ಬೇಡ.

ಸೇನೆ ಬರಲೇಬೇಕಾದ ಕಡೆ ಹೇಗಿರುತ್ತೆ ಅಂತ ನೋಡ್ಬೇಕಂದ್ರೆ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. ಅಲ್ಲಿ ಆಗ ವೋಟ್ ಹಾಕ್ತಿದ್ದಿದ್ದು ಗೋಲಿಯಲ್ಲಿ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್, ಗೋಲಿ ಒಳಗೆ ಬಿದ್ರೆ ಗಂಟೆ ಬಾರಿಸುತ್ತೆ, ಎರಡು ಹಾಕಿದ್ರೆ ಎರಡು ಸಲ ಕೇಳುತ್ತೆ, ಸಿಕ್ಕಿಬೀಳ್ತಾರೆ. 22 ವರ್ಷ ಆಳಿದ್ದ ಯಾಹ್ಯಾ ಜಾಮೆ 2016ರ ಡಿಸೆಂಬರ್ 1ಕ್ಕೆ ಅಡಾಮಾ ಬ್ಯಾರೋ ಎದುರು ಸೋತ್ರು, ಮಾರನೇ ದಿನ ಗೆದ್ದವರಿಗೆ ಫೋನ್ ಮಾಡಿ ಅಭಿನಂದನೆನೂ ಹೇಳಿದ್ರು, ಒಂದು ವಾರ ಬಿಟ್ಟು ಇಲ್ಲ ನಾನೊಪ್ಪಲ್ಲ ಅಂದ್ರು. ಬ್ಯಾರೋ ಪಕ್ಕದ ಸೆನೆಗಲ್‌ನಲ್ಲಿ ತಮ್ಮ ದೇಶದ ರಾಯಭಾರ ಕಚೇರಿ ಒಳಗೆ ಪ್ರಮಾಣವಚನ ತಗೋಬೇಕಾಯ್ತು, ಸಾವಿರಾರು ಜನ ಗಂಟುಮೂಟೆ ಕಟ್ಕೊಂಡು ಗಡಿ ದಾಟಿದ್ರು, ಅಕ್ಕಪಕ್ಕದ ದೇಶಗಳ ಸೇನೆ ಒಳಗೆ ಬಂದ ಮೇಲೆ ಜನವರಿ 21ಕ್ಕೆ ಜಾಮೆ ದೇಶ ಬಿಟ್ರು. ಐವರಿ ಕೋಸ್ಟ್‌ನಲ್ಲಿ 2010ರಲ್ಲಿ ಲೊರಾನ್ ಬಾಗ್ಬೋ ಹೀಗೇ ಕೂತಾಗ ಅಷ್ಟು ಸುಲಭಕ್ಕೆ ಮುಗೀಲಿಲ್ಲ, ನಾಲ್ಕೂವರೆ ತಿಂಗಳಲ್ಲಿ ಸುಮಾರು 3,000 ಜನ ಸತ್ರು.

ಇನ್ನು ಮುಂದಕ್ಕೆ ಏನು? 2022ರ ಕೊನೆಗೆ ಅಮೆರಿಕದಲ್ಲಿ 1887ರ ಹಳೇ ಎಣಿಕೆ ಕಾನೂನನ್ನ ಸರಿಮಾಡಿದ್ರು. ಉಪಾಧ್ಯಕ್ಷರದು ಬರೀ ಓದಿ ಹೇಳೋ ಕೆಲಸ ಅಂತ ಈಗ ಸ್ಪಷ್ಟವಾಗಿ ಬರೆದಿದೆ, ಮೊದಲು ಸದನಕ್ಕೊಬ್ಬರು ಆಕ್ಷೇಪಣೆ ಎತ್ತಿದ್ರೆ ಸಾಕಿತ್ತು, ಈಗ ಎರಡೂ ಸದನದಲ್ಲಿ ಐದರಲ್ಲಿ ಒಂದು ಭಾಗ ಸದಸ್ಯರು ಸಹಿ ಹಾಕ್ಬೇಕು. 2025ರ ಜನವರಿ 6ಕ್ಕೆ ಕಮಲಾ ಹ್ಯಾರಿಸ್ ಅದೇ ಸದನದಲ್ಲಿ ನಿಂತು 312-226, ಅಂದ್ರೆ ತಮ್ಮದೇ ಸೋಲನ್ನ, ಓದಿ ಮುಗಿಸಿದ್ರು, ಯಾವ ಆಕ್ಷೇಪಣೆನೂ ಬರಲಿಲ್ಲ.

ಆದ್ರೆ ಈ ಕಾನೂನು ಗಟ್ಟಿ ಮಾಡಿದ್ದು ಹೆಚ್ಚಾಗಿ ವಾಷಿಂಗ್ಟನ್ ಮಟ್ಟದಲ್ಲಿ. ಕೆಳಗೆ ಕೌಂಟಿಯಲ್ಲಿ ಸಹಿ ಹಾಕಲ್ಲ ಅನ್ನೋದು ಅದೇ 2022ರಲ್ಲಿ ನ್ಯೂ ಮೆಕ್ಸಿಕೋದ ಒಟೆರೋ ಕೌಂಟಿಯಲ್ಲೂ ಅರಿಜೋನಾದ ಕೊಚೀಸ್ ಕೌಂಟಿಯಲ್ಲೂ ಆಗಿದೆ, ಎರಡು ಕಡೆನೂ ಕೋರ್ಟ್ ಆರ್ಡರ್ ಬಂದ ಮೇಲೆ ಸಹಿ ಬಿತ್ತು. ಹಾಗಾಗಿ ಅಮ್ಮ, ನಿಮ್ಮ ಮಗಳಿಗೆ ಮುಂದಿನ ಎಲೆಕ್ಷನ್ ಟೈಮಲ್ಲಿ ವೈಟ್ ಹೌಸ್ ನ್ಯೂಸ್ ಒಂದನ್ನೇ ನೋಡ್ತಾ ನಿದ್ದೆ ಕೆಡಿಸ್ಕೋಬೇಡ ಅಂತ ಹೇಳಿ, ಎಲೆಕ್ಷನ್ ಮುಗಿದು ಕೆಲವು ವಾರದಲ್ಲಿ ಅವರ ಕೌಂಟಿಯಲ್ಲಿ ಲೆಕ್ಕಕ್ಕೆ ಸಹಿ ಹಾಕೋ ಮೀಟಿಂಗ್ ನಡೆಯುತ್ತೆ, ಹೆಚ್ಚಿನ ಕಡೆ ಬಾಗಿಲು ತೆರೆದಿರುತ್ತೆ, ಊರವರು ಹೋಗಿ ಕೂತು ನೋಡಬಹುದು, ಅದು ಯಾವ ದಿನ ಎಷ್ಟು ಗಂಟೆಗೆ ಅಂತ ವಿಚಾರಿಸಿ ಇಟ್ಕೊಳ್ಳೋಕೆ ಹೇಳಿ.